ಕ್ಯೂಓಪನ್‌ಜಿಎಲ್‌ವಿಜೆಟ್: ಶಾಸನ ನೋಡುವ ತಂತ್ರಾಂಶಕ್ಕೆ ಇದನ್ನೇ ಯಾಕೆ ಇಟ್ಟುಕೊಂಡೆ

ಡೆಸ್ಕ್‌ಟಾಪ್ ತಂತ್ರಾಂಶದೊಳಗೆ ಗ್ರಾಫಿಕ್ಸ್ ಚಿಪ್ಪಿನ ಬಲವೂ ಬೇಕು, ಅದೇ ಕಿಟಕಿಯಲ್ಲಿ ಮಾಮೂಲಿ ಬಟನ್, ಸ್ಲೈಡರ್, ಕನ್ನಡ ಬರಹವೂ ಇರಬೇಕು ಅನ್ನುವವರಿಗೆ ನಾನು ಈಗಲೂ ಮೊದಲು ಹೇಳುವುದು ಕ್ಯೂಟಿಯ (ಕಿಟಕಿ, ಬಟನ್ ಇರುವ ತಂತ್ರಾಂಶ ಕಟ್ಟಲು ಬಳಸುವ ಸಿದ್ಧ ಕೋಡ್ ಸಂಗ್ರಹ) ಕ್ಯೂಓಪನ್‌ಜಿಎಲ್‌ವಿಜೆಟ್ ಹೆಸರನ್ನೇ. ವಿಜೆಟ್ ಅಂದರೆ ಕಿಟಕಿಯೊಳಗಿನ ಒಂದು ತುಂಡು; ಇದು ಗ್ರಾಫಿಕ್ಸ್ ಚಿಪ್ಪಿಗೆ ಆದೇಶ ಕೊಡುವ ಓಪನ್‌ಜಿಎಲ್ ಮೂಲಕ ಚಿತ್ರ ಬಿಡಿಸುವ ತುಂಡು. 2014ರ ಡಿಸೆಂಬರ್‌ನಲ್ಲಿ ಕ್ಯೂಟಿ 5.4ರ ಜೊತೆ ಬಂದದ್ದು. ಹೊಸದೇನಲ್ಲ. ಆದರೂ ನನ್ನ ಕೆಲಸಕ್ಕೆ ಇದರಷ್ಟು ಒಗ್ಗಿದ್ದು ಬೇರೆ ಸಿಕ್ಕಿಲ್ಲ.

ಕೆಲಸ ಏನೆಂದರೆ, ಶಿಲಾಶಾಸನಗಳ ತ್ರೀಡಿ ಸ್ಕ್ಯಾನ್ ತೆರೆದು ನೋಡುವ ಒಂದು ಪುಟ್ಟ ತಂತ್ರಾಂಶ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರ ಸುತ್ತಮುತ್ತಲ ಶಾಸನಗಳನ್ನು ತ್ರೀಡಿಯಲ್ಲಿ ಉಳಿಸುವ ಕೆಲಸಕ್ಕೆ ಇಳಿದ ಮೇಲೆ ಈ ಕಡೆ ಆಸೆ ಹತ್ತಿದವರಲ್ಲಿ ನಾನೂ ಒಬ್ಬಳು. ನಮ್ಮ ಗುಂಪಿನಲ್ಲಿ ಶಾಸನ ಓದುವವರ ಹತ್ತಿರ ಇರುವುದು ಹಳೆಯ ಲ್ಯಾಪ್‌ಟಾಪ್‌ಗಳು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಚಿಪ್ಪೇ ಗತಿ. ಸ್ಕ್ಯಾನ್ ಕಡತವೋ ಹತ್ತು ಲಕ್ಷ ಬಿಂದು, ಇಪ್ಪತ್ತು ಲಕ್ಷ ತ್ರಿಕೋನ. ಒಂದು ಬಿಂದುವಿಗೆ ಜಾಗ ಮತ್ತು ಮುಖ ಯಾವ ಕಡೆ ಅನ್ನುವ ದಿಕ್ಕು ಸೇರಿ 24 ಬೈಟ್. ಬಿಂದುಗಳಿಗೆ 24 ಎಂಬಿ, ತ್ರಿಕೋನಗಳ ಪಟ್ಟಿಗೆ ಇನ್ನೊಂದು 24 ಎಂಬಿ.

ಸವೆದ ಅಕ್ಷರ ಓದಲು ಬೇಕಾದದ್ದು ಓರೆ ಬೆಳಕು. ಕಲ್ಲಿನ ಮುಂದೆ ರಾತ್ರಿ ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಬಿಡುತ್ತಾರಲ್ಲ, ಅದನ್ನೇ ತೆರೆಯ ಮೇಲೆ ಮಾಡಬೇಕು. ಈ 48 ಎಂಬಿ ಒಂದು ಸಲ ಚಿಪ್ಪಿನ ವಶಕ್ಕೆ ಹೋದರೆ ಸಾಕು, ಆಮೇಲೆ ಸ್ಲೈಡರ್ ಎಳೆದಾಗಲೆಲ್ಲ ನಾನು ಕಳಿಸುವುದು ಬೆಳಕಿನ ದಿಕ್ಕು ಹೇಳುವ ಮೂರು ಅಂಕಿ ಮಾತ್ರ, ಒಟ್ಟು 12 ಬೈಟ್. ಉಳಿದ ಲೆಕ್ಕವನ್ನೆಲ್ಲ ಶೇಡರ್, ಅಂದರೆ ಚಿಪ್ಪಿನ ಮೇಲೇ ಓಡುವ ಪುಟ್ಟ ಪ್ರೋಗ್ರಾಂ, ನೋಡಿಕೊಳ್ಳುತ್ತದೆ. ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂತು, "ಇನ್ನೊಂಚೂರು ಕೆಳಗಿಳಿಸಮ್ಮಾ, ಇನ್ನೂ... ಹಾಂ, ನಿಲ್ಲಿಸು. ಅದು ವ ಅಲ್ಲ ಕಣಮ್ಮ, ಮ" ಅನ್ನುತ್ತಾರೆ. ಬೆಳಕು ಕಲ್ಲಿನ ಮಟ್ಟಕ್ಕೆ ಹತ್ತು ಡಿಗ್ರಿ ಆಸುಪಾಸಿಗೆ ಇಳಿದಾಗ ಅಕ್ಷರದ ಬಾಲದ ಹತ್ತಿರ ಒಂದು ಸಣ್ಣ ತಗ್ಗು ಕಾಣುತ್ತದೆ. ಮೇಲಿನಿಂದ ಬೆಳಕು ಬಿದ್ದಾಗ ಅದು ಇರುವುದೇ ಗೊತ್ತಾಗುವುದಿಲ್ಲ. ಸ್ಲೈಡರ್ ಹಿಡಿದ ಕೈಗೂ ಚಿತ್ರಕ್ಕೂ ನಡುವೆ ತಡವಾದರೆ ಈ ಓದು ಸಾಧ್ಯವೇ ಇಲ್ಲ. ಇದರಲ್ಲಿ ತಡವಾಗುವುದಿಲ್ಲ.

ವಿಜೆಟ್ ಬಳಸುವುದು ಸರಳ. ಅದರಿಂದ ನಿಮ್ಮ ಕ್ಲಾಸ್ ಹುಟ್ಟಿಸಿ ಮೂರು ಫಂಕ್ಷನ್ ಬರೆಯಬೇಕು: ಇನಿಷಿಯಲೈಸ್‌ಜಿಎಲ್, ರೀಸೈಜ್‌ಜಿಎಲ್, ಪೇಂಟ್‌ಜಿಎಲ್. ಮೊದಲನೆಯದು ಶುರುವಿನ ಸಿದ್ಧತೆಗೆ, ಎರಡನೆಯದು ಅಳತೆ ಬದಲಾದಾಗ, ಮೂರನೆಯದು ಚಿತ್ರ ಬಿಡಿಸಲು. ಕಾಂಟೆಕ್ಸ್ಟ್ (ಓಪನ್‌ಜಿಎಲ್ ತನ್ನ ಸೆಟ್ಟಿಂಗ್, ಏರಿಸಿದ ಮಾಹಿತಿ ಇಟ್ಟುಕೊಳ್ಳುವ ಜಾಗ) ತೆರೆಯುವುದು, ಅದನ್ನು ಕಿಟಕಿಗೆ ಜೋಡಿಸುವುದು, ಮೌಸ್ ಸುದ್ದಿ ತಂದುಕೊಡುವುದು ಎಲ್ಲ ಅದರ ಹೊಣೆ. ಇದಕ್ಕಿಂತ ಮುಂಚೆ ಇದ್ದ ಕ್ಯೂಜಿಎಲ್‌ವಿಜೆಟ್ ತನ್ನದೇ ಒಂದು ಬೇರೆ ಕಿಟಕಿ ಇಟ್ಟುಕೊಂಡು ಅದರಲ್ಲಿ ಚಿತ್ರ ಬಿಡಿಸುತ್ತಿತ್ತು. ಅದರ ಮೇಲೆ ಇನ್ನೊಂದು ವಿಜೆಟ್ ಕೂರಿಸಲು ಹೋದರೆ ರಗಳೆ. ಇದು ಹಾಗಲ್ಲ. ಮೊದಲು ಮರೆಯಲ್ಲಿರುವ, ಚಿತ್ರ ಹಿಡಿದಿಡುವ ಮೆಮೊರಿಯ ಜಾಗವಾದ ಒಂದು ಫ್ರೇಮ್‌ಬಫರ್‌ನಲ್ಲಿ ಚಿತ್ರ ಬಿಡಿಸಿ, ಆಮೇಲೆ ಅದನ್ನು ಉಳಿದ ಬಟನ್ ಪಟ್ಟಿಗಳ ಜೊತೆ ಸೇರಿಸಿ ಒಂದೇ ಚಿತ್ರವಾಗಿ ತೆರೆಗೆ ಕೊಡುತ್ತದೆ. ಹಾಗಾಗಿ ಕಲ್ಲಿನ ಚಿತ್ರದ ಮೂಲೆಯಲ್ಲಿ ಅರೆಪಾರದರ್ಶಕ ಲೇಬಲ್ ಇಟ್ಟರೂ ಅದು ನೆಟ್ಟಗೆ ಕೂರುತ್ತದೆ.

ನಾನು ಇದಕ್ಕೆ ಅಂಟಿಕೊಂಡ ನಿಜವಾದ ಕಾರಣ ಕನ್ನಡ. ಓಪನ್‌ಜಿಎಲ್‌ಗೆ ಅಕ್ಷರ ಅಂದರೆ ಏನೆಂದೇ ಗೊತ್ತಿಲ್ಲ. ಸಾಮಾನ್ಯವಾಗಿ ಕಲಿಸುವ ದಾರಿ ಎಂದರೆ ಫಾಂಟಿನ ಒಂದೊಂದು ಅಕ್ಷರವನ್ನೂ ಚಿಪ್ಪಿನ ಬಳಿ ಇಡುವ ಚಿತ್ರವಾದ ಒಂದು ದೊಡ್ಡ ಟೆಕ್ಸ್ಚರ್‌ನಲ್ಲಿ ಸಾಲಾಗಿ ಜೋಡಿಸಿಟ್ಟು, ಬೇಕಾದ ಚೌಕ ಕತ್ತರಿಸಿ ತೆರೆಗೆ ಅಂಟಿಸುವುದು. ಇಂಗ್ಲಿಷ್‌ಗೆ ಅದು ನಡೆಯುತ್ತದೆ. ಅದೇ ದಾರಿಯಲ್ಲಿ ನಮ್ಮ ಶಾಸನಗಳ ಶುರುವಿನ "ಸ್ವಸ್ತಿ ಶ್ರೀ" ಬರೆಸಿ ನೋಡಿ: ಒತ್ತು ಕೆಳಗೆ ಇಳಿಯುವುದಿಲ್ಲ, ಗುಡಿಸು ಅಕ್ಷರಕ್ಕೆ ಕೂಡುವುದಿಲ್ಲ, ಅರ್ಧಾಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. "ಧರ್ಮ" ಇನ್ನೂ ಕಷ್ಟ. ಅದರಲ್ಲಿ ರ್ ಮೊದಲು ಬಂದರೂ ಅರ್ಕಾವತ್ತು ಮ-ದ ಬಲಕ್ಕೆ ಹೋಗಿ ಕೂರಬೇಕು. ಸಂಕೇತದ ಸಾಲಿಗೂ ಕಣ್ಣಿಗೆ ಕಾಣುವ ಸಾಲಿಗೂ ಕ್ರಮವೇ ಬೇರೆ. ಇದನ್ನೆಲ್ಲ ಸರಿಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಕ್ಯೂಟಿ ಅದನ್ನು ಒಳಗಿಟ್ಟುಕೊಂಡೇ ಬರುತ್ತದೆ. ಪೇಂಟ್‌ಜಿಎಲ್ ಒಳಗೆ ಕಲ್ಲು ಬಿಡಿಸಿ ಮುಗಿದ ಮೇಲೆ ಅದೇ ವಿಜೆಟ್ ಮೇಲೆ ಕ್ಯೂಟಿಯ ಚಿತ್ರ, ಬರಹ ಬಿಡಿಸುವ ಸಾಧನ ಕ್ಯೂಪೇಂಟರ್ ತೆರೆದು ಡ್ರಾಟೆಕ್ಸ್ಟ್ ಅಂದರೆ ಮುಗಿಯಿತು. ಸಾಲಿನ ಸಂಖ್ಯೆ, ಓದಿದ ಪಾಠ, ಅನುಮಾನವಿದ್ದ ಕಡೆ ಪ್ರಶ್ನೆಚಿಹ್ನೆ, ಎಲ್ಲವೂ ಕಲ್ಲಿನ ಸಾಲಿನ ಪಕ್ಕಕ್ಕೇ ಶುದ್ಧ ಕನ್ನಡ ಅಕ್ಷರಗಳಲ್ಲಿ ಬರುತ್ತವೆ. ನಾನು ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದ್ದೇನೆ. ಮೊದಲ ಸಲ ಒತ್ತಕ್ಷರ ಸಮೇತ ಸಾಲು ಮೂಡಿದಾಗ ಮೇಷ್ಟ್ರ ಮುಖ ಅರಳಿದ್ದನ್ನು ನೋಡಬೇಕಿತ್ತು. ಒಂದು ಎಚ್ಚರಿಕೆ: ಕ್ಯೂಪೇಂಟರ್ ತನ್ನ ಕೆಲಸ ಮುಗಿಸಿ ಹೋಗುವಾಗ ಓಪನ್‌ಜಿಎಲ್‌ನ ಡೆಪ್ತ್ ಟೆಸ್ಟ್ (ಮುಂದಿರುವುದು ಹಿಂದಿನದನ್ನು ಮರೆಮಾಡುವುದು), ಬ್ಲೆಂಡಿಂಗ್ (ಬಣ್ಣ ಬೆರೆಸುವುದು) ಸೆಟ್ಟಿಂಗ್‌ಗಳು ಮೊದಲಿನ ಹಾಗೇ ಇರುತ್ತವೆ ಅನ್ನುವ ಭರವಸೆ ಇಲ್ಲ. ಪ್ರತಿ ಸಲ ಕಲ್ಲು ಬಿಡಿಸುವ ಮುಂಚೆ ಅವನ್ನು ಮತ್ತೆ ಹಾಕಿಕೊಳ್ಳಿ.

ಈಗ ತೊಡಕುಗಳು. ಓಪನ್‌ಜಿಎಲ್ ಕಲಿಸುವ ಹಳೆಯ ಪಾಠಗಳಲ್ಲಿ ಎಲ್ಲ ಕಡೆ, ಬೇರೆ ಕಡೆ ಬಿಡಿಸಿ ಮುಗಿದ ಮೇಲೆ ಕಿಟಕಿಯದೇ ಆದ ಫ್ರೇಮ್‌ಬಫರ್ ಸೊನ್ನೆಗೆ ಮರಳಿ ಎಂದು ಇರುತ್ತದೆ. ಇಲ್ಲಿ ಹಾಗೆ ಮಾಡಿದರೆ ಕಪ್ಪು ತೆರೆ, ಯಾಕೆಂದರೆ ಈ ವಿಜೆಟ್‌ನ ಮನೆ ಸೊನ್ನೆಯಲ್ಲಿಲ್ಲ. ಡಿಫಾಲ್ಟ್‌ಫ್ರೇಮ್‌ಬಫರ್‌ಆಬ್ಜೆಕ್ಟ್ ಅನ್ನು ಕೇಳಿ ಅದು ಕೊಟ್ಟ ಸಂಖ್ಯೆ ಬಳಸಬೇಕು. ಅಂಚು ನಯವಾಗಲಿ ಎಂದು ನಾಲ್ಕು ಸ್ಯಾಂಪಲ್, ಅಂದರೆ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಮಾದರಿ, ಇಟ್ಟರೆ 1920×1080ರ ಚಿತ್ರಕ್ಕೆ ಬಣ್ಣ ಮತ್ತು ಡೆಪ್ತ್ (ಆಳ) ಸೇರಿ ಸುಮಾರು 66 ಎಂಬಿ, 4ಕೆ ತೆರೆಗೆ ಅದರ ನಾಲ್ಕರಷ್ಟು. ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಇದು ಹೋಗುವುದು ಮಾಮೂಲಿ ರ‍್ಯಾಮ್‌ನಿಂದಲೇ. ಅದರ ಮೇಲೆ ಇನ್ನೊಂದು ಕಾಟ: ಅಕ್ಷರದ ಎತ್ತರ ಅಳೆಯಲು ಮೌಸ್ ಒತ್ತಿದ ಕಡೆಯ ಆಳ ಓದಬೇಕಲ್ಲ, ಸ್ಯಾಂಪಲ್ ಇರುವ ಫ್ರೇಮ್‌ಬಫರ್‌ನಿಂದ ನೇರವಾಗಿ ಓದಲು ಓಪನ್‌ಜಿಎಲ್ ಬಿಡುವುದಿಲ್ಲ. ಮೊದಲು ಅದನ್ನು ಸ್ಯಾಂಪಲ್ ಇಲ್ಲದ ಇನ್ನೊಂದು ಬಫರ್‌ಗೆ ಇಳಿಸಿಕೊಂಡು ಅಲ್ಲಿಂದ ಓದಬೇಕು. ಮೌಸ್ ಕೊಡುವ ಜಾಗವನ್ನು ತೆರೆಯ ನಿಜವಾದ ಪಿಕ್ಸೆಲ್ ಲೆಕ್ಕಕ್ಕೆ ತರುವ ಡಿವೈಸ್‌ಪಿಕ್ಸೆಲ್‌ರೇಶಿಯೋದಿಂದ ಗುಣಿಸಲೂ ಬೇಕು, ಇಲ್ಲವಾದರೆ ಹೊಸ ಹೈರೆಸಲ್ಯೂಷನ್ ತೆರೆಗಳಲ್ಲಿ ಬೇರೆಲ್ಲೋ ಅಳೆದಂತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಡಾಕ್ ಮಾಡಿದ, ಅಂದರೆ ಮುಖ್ಯ ಕಿಟಕಿಗೆ ಅಂಟಿಸಿ ಬೇಕಾದಾಗ ಬಿಡಿಸಬಹುದಾದ, ಕಿಟಕಿಗಳದ್ದು. ಎರಡು ತೆರೆ ಇರುವವರು ಕಲ್ಲಿನ ಚಿತ್ರವನ್ನು ಎಳೆದು ಆಚೆ ತೆರೆಗೆ ಹಾಕುತ್ತಾರೆ. ವಿಜೆಟ್ ಬೇರೆ ಕಿಟಕಿಗೆ ಹೋದ ಕೂಡಲೇ ಹಳೆಯ ಕಾಂಟೆಕ್ಸ್ಟ್ ಹೋಗಿ ಹೊಸದು ಬರುತ್ತದೆ, ಇನಿಷಿಯಲೈಸ್‌ಜಿಎಲ್ ಮತ್ತೆ ಓಡುತ್ತದೆ, ಚಿಪ್ಪಿಗೆ ಏರಿಸಿದ್ದ 48 ಎಂಬಿಯನ್ನು ಮತ್ತೆ ಏರಿಸಬೇಕಾಗುತ್ತದೆ. ತಂತ್ರಾಂಶ ಶುರುವಾಗುವಾಗ, ಕ್ಯೂಅಪ್ಲಿಕೇಶನ್ ಹುಟ್ಟುವ ಮುಂಚೆಯೇ, ಶೇರ್‌ಓಪನ್‌ಜಿಎಲ್‌ಕಾಂಟೆಕ್ಸ್ಟ್ಸ್ ಎಂಬ ಗುಣವನ್ನು ಹಾಕಿಟ್ಟರೆ ಆ 48 ಎಂಬಿಯ ಬಫರ್‌ಗಳು ಉಳಿಯುತ್ತವೆ. ಇದು ತಾನಾಗಿಯೇ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯುವವರು ಇಲ್ಲೇ ಎಡವಿ ಬಿಟ್ಟುಹೋಗುತ್ತಾರೆ.

ಬ್ಯಾಟರಿ ವಿಷಯದಲ್ಲಿ ಪೂರ್ತಿ ಸಮಾಧಾನ. ಅಪ್‌ಡೇಟ್ ಎಂದು ಕೇಳಿದಾಗ ಮಾತ್ರ ಚಿತ್ರ ಬಿಡಿಸುತ್ತದೆ, ಸುಮ್ಮನಿದ್ದಾಗ ಫ್ಯಾನ್ ಸದ್ದಿಲ್ಲ. ವರ್ಚುಯಲ್ ಮೆಷಿನ್‌ನಲ್ಲೋ ದೂರದಿಂದಲೋ ಓಡಿಸುವವರು ಚಿತ್ರ ಬಿಡಿಸುತ್ತಿರುವುದು ಯಾವುದೆಂದು ತಿಳಿಸುವ ಜಿಎಲ್ ರೆಂಡರರ್ ಸಾಲು ಏನು ಹೇಳುತ್ತದೆ ನೋಡಿಕೊಳ್ಳಿ, ಲಿನಕ್ಸ್‌ನಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಚಿಪ್ಪು ಮಲಗಿದೆ, ಪ್ರೊಸೆಸರೇ ಎಲ್ಲ ಹೊರುತ್ತಿದೆ ಎಂದರ್ಥ. ನಾನು ಆ ಸಾಲನ್ನು ಸ್ಟೇಟಸ್ ಬಾರ್‌ನಲ್ಲೇ ತೋರಿಸುತ್ತೇನೆ. ಯಾರಾದರೂ ಫೋನ್ ಮಾಡಿ "ನಿಧಾನ ಆಗ್ತಿದೆ ಮೇಡಂ" ಅಂದರೆ ಮೊದಲು ಕೇಳುವುದು ಅದನ್ನೇ.

ಎಲ್‌ಜಿಪಿಎಲ್ ಪರವಾನಗಿಯಲ್ಲಿ ಕಾಸಿಲ್ಲದೆ ಸಿಗುತ್ತದೆ, ನಮ್ಮಂಥ ಹವ್ಯಾಸಿಗಳಿಗೆ ಅದು ದೊಡ್ಡ ಮಾತು. ಕ್ಯೂಟಿ 6ರಲ್ಲಿ ಇದನ್ನು ಓಪನ್‌ಜಿಎಲ್‌ವಿಜೆಟ್ಸ್ ಎಂಬ ಬೇರೆ ಮಾಡ್ಯೂಲಿಗೆ ಹಾಕಿದ್ದಾರೆ, ಹಳೆಯ ಕೋಡ್ ತರುವಾಗ ಆ ಹೆಸರು ಸೇರಿಸಿ. ಪೈಥಾನ್‌ನಲ್ಲಿ ಬರೆಯುವವರಿಗೂ ಅದೇ ಮಾತು.

ಮ್ಯಾಕ್ ಇಟ್ಟುಕೊಂಡವರೇ ನಿಮ್ಮ ತಂತ್ರಾಂಶದ ಮುಖ್ಯ ಬಳಕೆದಾರರಾದರೆ ಮಾತ್ರ ಬೇರೆ ಯೋಚನೆ ಮಾಡಿ. ಆಪಲ್ 2018ರಲ್ಲೇ ಮ್ಯಾಕ್‌ಓಎಸ್ 10.14ರೊಂದಿಗೆ ಓಪನ್‌ಜಿಎಲ್ ಅನ್ನು ಕೈಬಿಡುವ ಪಟ್ಟಿಗೆ ಸೇರಿಸಿತು, ಅಲ್ಲಿ ಅದು 4.1ರ ಆಚೆ ಹೋಗಲೇ ಇಲ್ಲ. ಅಂಥವರಿಗೆ 2024ರ ಕ್ಯೂಟಿ 6.7ರಲ್ಲಿ ಬಂದ ಕ್ಯೂಆರ್‌ಎಚ್‌ಐವಿಜೆಟ್ ಇದೆ; ಒಂದೇ ಕೋಡ್ ಗ್ರಾಫಿಕ್ಸ್ ಚಿಪ್ಪಿಗೆ ಆದೇಶ ಕೊಡುವ ಬೇರೆ ಬೇರೆ ದಾರಿಗಳಾದ ಮೆಟಲ್ (ಆಪಲ್‌ನದು), ವಲ್ಕನ್, ಡೈರೆಕ್ಟ್‌ತ್ರೀಡಿ, ಓಪನ್‌ಜಿಎಲ್ ಎಲ್ಲದರ ಮೇಲೂ ಓಡುತ್ತದೆ. ಆದರೆ ಶೇಡರ್‌ಗಳನ್ನು ಮೊದಲೇ ಕ್ಯೂಎಸ್‌ಬಿ ಸಾಧನದಲ್ಲಿ ಪರಿವರ್ತಿಸಿ ಇಡಬೇಕು, ಬಫರ್ ಪೈಪ್‌ಲೈನ್‌ಗಳನ್ನು ಕೈಯಾರೆ ಕಟ್ಟಬೇಕು. ಕನ್ನಡ ಬರಹವನ್ನು ಮೊದಲು ಒಂದು ಕ್ಯೂಇಮೇಜ್ ಮೇಲೆ ಬರೆದು ಟೆಕ್ಸ್ಚರ್ ಆಗಿ ಏರಿಸುವ ದಾರಿ ಹಿಡಿಯಬೇಕು. ನಮ್ಮ ಗುಂಪಿನಲ್ಲಿರುವುದು ವಿಂಡೋಸ್ ಮತ್ತು ಲಿನಕ್ಸ್ ಲ್ಯಾಪ್‌ಟಾಪ್‌ಗಳೇ. ಹಾಗಾಗಿ ನನ್ನ ತಂತ್ರಾಂಶದಲ್ಲಿ ಸದ್ಯಕ್ಕೆ ಕ್ಯೂಓಪನ್‌ಜಿಎಲ್‌ವಿಜೆಟ್ ಹಾಗೇ ಇರುತ್ತದೆ. ಬೆಳಕಿನ ಶೇಡರ್ ಒಂದನ್ನು ಮಾತ್ರ ಎರಡಕ್ಕೂ ಆಗುವಂತೆ ತಿದ್ದಿ ಇಡುತ್ತಿದ್ದೇನೆ.