ಡಿಫೆಂಡರ್ ಜೊತೆ ಎಂಟು ವರ್ಷ: ದುಡ್ಡು ಕೊಟ್ಟು ತಂದ ಆಂಟಿವೈರಸ್ ಬಿಟ್ಟ ಮೇಲೆ

ನಾನು ನೋಡಿಕೊಳ್ಳುವ ಕಂಪ್ಯೂಟರ್ ಮೂರು. ನನ್ನ ಲ್ಯಾಪ್‌ಟಾಪ್, ಅಕ್ಕನ ಲ್ಯಾಪ್‌ಟಾಪ್, ಅಪ್ಪನ ಡೆಸ್ಕ್‌ಟಾಪ್. ಮೂರೂ ವಿಂಡೋಸ್. 2017ರ ಮಧ್ಯದಿಂದ ಇವುಗಳಲ್ಲಿ ಇರುವುದು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್. ತಿಂಗಳಿಗೊಮ್ಮೆ, ಕೆಟ್ಟ ಪ್ರೋಗ್ರಾಂ ಹುಡುಕಿ ತೆಗೆಯುವ ಮಾಲ್‌ವೇರ್‌ಬೈಟ್ಸ್ ಫ್ರೀ ಆವೃತ್ತಿಯಲ್ಲಿ ಒಂದು ಸ್ಕ್ಯಾನ್. ಬ್ರೌಸರಿಗೆ ಜಾಹೀರಾತು ತಡೆಯುವ ಯೂಬ್ಲಾಕ್ ಆರಿಜಿನ್. ಇಷ್ಟೇ. ಅದಕ್ಕೂ ಮೊದಲು ಹತ್ತು ವರ್ಷ ಬೇರೆ ಬೇರೆ ಕಂಪನಿಗಳ ಆಂಟಿವೈರಸ್ ಬಳಸಿದ್ದೇನೆ. ಫ್ರೀ ಇದ್ದದ್ದೂ ಉಂಟು, ದುಡ್ಡು ಕೊಟ್ಟದ್ದೂ ಉಂಟು. ಹಾಗಾಗಿ ಎರಡೂ ಕಡೆಯ ಅನುಭವ ನನಗಿದೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆಂಟಿವೈರಸ್ ಬೇರೆ, ಸ್ಪೈವೇರ್ (ಕದ್ದು ನೋಡುವ ಪ್ರೋಗ್ರಾಂ) ಹಿಡಿಯುವ ಆಂಟಿ-ಸ್ಪೈವೇರ್ ಬೇರೆ. ಆಂಟಿವೈರಸ್ ಒಂದು ಇರಲೇಬೇಕು, ಪಕ್ಕದಲ್ಲಿ ಆಡ್-ಅವೇರ್ ಅಥವಾ ಸ್ಪೈಬಾಟ್. ವಾರಕ್ಕೊಮ್ಮೆ ಸ್ಪೈಬಾಟ್ ತೆರೆದು, ಅಪ್‌ಡೇಟ್ ಮಾಡಿ, 'ಇಮ್ಯುನೈಜ್' ಒತ್ತಿ, ಸ್ಕ್ಯಾನ್ ಮುಗಿಯುವ ತನಕ ಕಾಯುತ್ತಿದ್ದೆ. ಯಾಕೆ ಎರಡು ಬೇಕಿತ್ತು? ಸ್ಪೈವೇರ್, ಜಾಹೀರಾತು ತುರುಕುವ ಆಡ್‌ವೇರ್ ಬಹಳಷ್ಟು ಸಲ ಮುಂಬಾಗಿಲಿನಿಂದಲೇ ಬರುತ್ತವೆ. ಯಾವುದೋ ಫ್ರೀ ವಿಡಿಯೋ ಪ್ಲೇಯರ್ ಹಾಕುವಾಗ 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತೇವಲ್ಲ, ಅಲ್ಲಿ ಮೊದಲೇ ಹಾಕಿಟ್ಟ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯದಿದ್ದರೆ ನಾವೇ ಒಪ್ಪಿದ ಲೆಕ್ಕ. ಬಳಕೆದಾರ ಒಪ್ಪಿ ಹಾಕಿಕೊಂಡದ್ದನ್ನು ವೈರಸ್ ಎಂದು ಕರೆಯಲು ಆಂಟಿವೈರಸ್ ಕಂಪನಿಗಳು ಹಿಂದೆ ಮುಂದೆ ನೋಡುತ್ತಿದ್ದವು. ಆ ಸಂದಿಯಲ್ಲಿ ಆಂಟಿ-ಸ್ಪೈವೇರ್ ಹುಟ್ಟಿತು.

ಡಿಫೆಂಡರ್ ಬಂದದ್ದೂ ಅಲ್ಲಿಂದಲೇ. ಮೈಕ್ರೋಸಾಫ್ಟ್ 2004ರ ಕೊನೆಯಲ್ಲಿ ಜಯಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಅವರ ಆಂಟಿ-ಸ್ಪೈವೇರ್ 2006ರಲ್ಲಿ ವಿಂಡೋಸ್ ಡಿಫೆಂಡರ್ ಆಯಿತು. ಆಗ ಅದು ವೈರಸ್ ಹಿಡಿಯುತ್ತಿರಲಿಲ್ಲ. 2009ರಲ್ಲಿ ಸೆಕ್ಯೂರಿಟಿ ಎಸೆನ್ಷಿಯಲ್ಸ್ ಎಂಬ ಫ್ರೀ ಆಂಟಿವೈರಸ್ ಬೇರೆಯೇ ಬಂತು. 2012ರಲ್ಲಿ ವಿಂಡೋಸ್ 8 ಬಂದಾಗ ಎರಡೂ ಕೆಲಸ ಡಿಫೆಂಡರಿಗೇ ಸೇರಿದವು. "ಡಿಫೆಂಡರ್ ಸಾಕಾಗಲ್ಲ, ಮೇಲೊಂದು ಹಾಕು" ಎಂಬ ಮಾತು ಆ ಹಳೆಯ ಕಾಲದಿಂದ ಉಳಿದುಕೊಂಡದ್ದು. ನಾನೂ 2017ರ ತನಕ ಅದನ್ನೇ ನಂಬಿದ್ದೆ.

ನಂಬಿಕೆ ಅಲುಗಾಡಿದ್ದು 2016ರಲ್ಲಿ, ಅಕ್ಕನ ಲ್ಯಾಪ್‌ಟಾಪಿನಿಂದ. ಅದರಲ್ಲಿ ದುಡ್ಡು ಕೊಟ್ಟ ಸೂಟ್ ಇತ್ತು. ಫೈರ್‌ವಾಲ್, ಕ್ಲೀನರ್, ಪಾಸ್‌ವರ್ಡ್ ಪೆಟ್ಟಿಗೆ, ಎಲ್ಲ ಸೇರಿದ ದೊಡ್ಡ ಪ್ಯಾಕೇಜ್. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಬ್ರೌಸರ್ ತೆರೆದರೆ ಕೇಳದೇ ಇದ್ದ ಯಾವುದೋ ಸರ್ಚ್ ಪುಟ ಬರುತ್ತಿತ್ತು. ಅಕ್ಕ ಹೋಮ್ ಪೇಜ್ ಬದಲಿಸುತ್ತಿದ್ದಳು, ಮರುದಿನ ಮತ್ತೆ ಅದೇ ಪುಟ. ಬ್ರೌಸರ್ ತೆಗೆದು ಹೊಸದಾಗಿ ಹಾಕಿದಳು, ಆದರೂ ಅದೇ. ಆಂಟಿವೈರಸ್ ಮಾತ್ರ ಹಸಿರು ಟಿಕ್ ತೋರಿಸುತ್ತಿತ್ತು. ಫುಲ್ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ.

ಕೊನೆಗೆ ಬ್ರೌಸರಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದೆ. ಟಾರ್ಗೆಟ್ ಎಂಬ ಸಾಲು 'ಡಾಟ್ ಇಎಕ್ಸ್‌ಇ' ಎಂದು ಮುಗಿಯಬೇಕು, ಅಲ್ವಾ? ಅದು ಮುಗಿದಿರಲಿಲ್ಲ. ಕರ್ಸರ್ ಅನ್ನು ಬಲಕ್ಕೆ ಎಳೆದರೆ, ಒಂದು ಜಾಗ ಬಿಟ್ಟು, ಆ ಸರ್ಚ್ ಪುಟದ ವಿಳಾಸ ಅಲ್ಲೇ ಅಂಟಿಕೊಂಡಿತ್ತು. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಲ್ಲೂ ಇತ್ತು, ಟಾಸ್ಕ್‌ಬಾರಿನದರಲ್ಲೂ ಇತ್ತು. ಅಳಿಸಿದರೆ ಮರುದಿನ ಮತ್ತೆ ಬರುವಂತೆ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಕೆಲಸವನ್ನೂ ಸೇರಿಸಿಟ್ಟಿತ್ತು. ಆಡ್‌ಡಬ್ಲ್ಯೂಕ್ಲೀನರ್ ಎಂಬ ಪುಟ್ಟ ಫ್ರೀ ಸಾಧನ ಐದೇ ನಿಮಿಷದಲ್ಲಿ ಅದನ್ನೆಲ್ಲ ಹುಡುಕಿ ತೆಗೆಯಿತು. ಆ ಸಾಧನ ಈಗ ಮಾಲ್‌ವೇರ್‌ಬೈಟ್ಸ್ ಕಂಪನಿಯದೇ.

ಹಸಿರು ಟಿಕ್ ಎಂದರೆ 'ನಾನು ಹುಡುಕಿದ್ದರಲ್ಲಿ ಏನೂ ಸಿಗಲಿಲ್ಲ' ಎಂದಷ್ಟೇ ಅರ್ಥ ಎಂದು ಆವತ್ತು ತಿಳಿಯಿತು.

ಆ ಸೂಟ್ ತೆಗೆಯುವುದೂ ಸುಲಭ ಇರಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಅದರ ಎರಡು ಸರ್ವಿಸ್ ಓಡುತ್ತಲೇ ಇದ್ದವು. ಕಂಪನಿಯದ್ದೇ ರಿಮೂವಲ್ ಟೂಲ್ ಇಳಿಸಿ, ಸೇಫ್ ಮೋಡ್‌ನಲ್ಲಿ ಓಡಿಸಿ, ಎರಡು ಸಲ ರೀಸ್ಟಾರ್ಟ್ ಮಾಡಬೇಕಾಯಿತು. ಆಟೋ ರಿನ್ಯೂವಲ್ ನಿಲ್ಲಿಸಲು ಅಕೌಂಟ್ ಪುಟದಲ್ಲಿ ನಾಲ್ಕೈದು ಕಡೆ "ಖಚಿತವೇ?" ಎಂದು ಕೇಳಿತು. ಕೊಳ್ಳುವ ಮೊದಲೇ ತೆಗೆಯುವ ದಾರಿ ಹೇಗಿದೆ ಎಂದು ನೋಡಿಕೊಳ್ಳಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಡಿಫೆಂಡರಿಗೆ ಬದಲಾದಾಗ ನಾನು ಮಾಡಿದ ಮೊದಲ ಕೆಲಸ ಐಕಾರ್ ಪರೀಕ್ಷೆ. ಐಕಾರ್ ಎಂದರೆ 68 ಅಕ್ಷರಗಳ ಒಂದು ಸಾಲು. ಅದರಿಂದ ಅಪಾಯ ಏನೂ ಇಲ್ಲ. ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂಬುದು ಒಪ್ಪಂದ. ನೋಟ್‌ಪ್ಯಾಡಿನಲ್ಲಿ ಆ ಸಾಲು ಹಾಕಿ ಸೇವ್ ಒತ್ತಿದೆ. ಮೂಲೆಯಲ್ಲಿ ಎಚ್ಚರಿಕೆ ಬಂತು, ಫೈಲ್ ಅಲ್ಲಿಂದ ಮಾಯ. ಆಂಟಿವೈರಸ್ ಎಷ್ಟು ಗಟ್ಟಿ ಎಂದು ಇದು ಹೇಳುವುದಿಲ್ಲ. ಎಚ್ಚರ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಯಾವ ಆಂಟಿವೈರಸ್ ಹಾಕಿದರೂ ಒಮ್ಮೆ ಮಾಡಿ ನೋಡಿ.

ಈಗ ವಿಮರ್ಶೆಯ ಮುಖ್ಯ ಮಾತು. ಎಂಟು ವರ್ಷದಲ್ಲಿ ಡಿಫೆಂಡರ್ ಬಗ್ಗೆ ನನಗೆ ಜಾಸ್ತಿ ಇಷ್ಟವಾದದ್ದು ಅದರ ಮೌನ. ಏನನ್ನೋ ಮಾರಲು ಬರುವ ಕಿಟಕಿ ಇಲ್ಲ, 'ನಿಮ್ಮ ಕಂಪ್ಯೂಟರಿನಲ್ಲಿ 214 ಸಮಸ್ಯೆಗಳಿವೆ' ಎಂಬ ಹೆದರಿಕೆ ಇಲ್ಲ. (ಆ ಥರದ ಲೆಕ್ಕದಲ್ಲಿ ಬಹುಪಾಲು ಬರೀ ಟ್ರ್ಯಾಕಿಂಗ್ ಕುಕೀಗಳೇ, ಅಂದರೆ ಸೈಟುಗಳು ಬ್ರೌಸರಿನಲ್ಲಿ ಇಡುವ ಸಣ್ಣ ಗುರುತುಗಳೇ ಇರುತ್ತವೆ.) ಈ ಮೌನದಿಂದ ಒಂದು ಲಾಭ ಇದೆ. ಎಚ್ಚರಿಕೆ ಬಂದರೆ ಅಪ್ಪ ಓದುತ್ತಾರೆ. ಮೊದಲು ದಿನಕ್ಕೆ ಮೂರು ಕಿಟಕಿ ಬರುತ್ತಿದ್ದಾಗ ಓದದೇ ಮುಚ್ಚುತ್ತಿದ್ದರು.

ಹಿಡಿಯುವ ಶಕ್ತಿಯ ಬಗ್ಗೆ ನನ್ನ ಮೂರು ಕಂಪ್ಯೂಟರಿನ ಅನುಭವ ಸಾಕಾಗುವುದಿಲ್ಲ. ಅದಕ್ಕೆ ಜರ್ಮನಿಯ ಏವಿ-ಟೆಸ್ಟ್, ಆಸ್ಟ್ರಿಯಾದ ಏವಿ-ಕಂಪ್ಯಾರಟಿವ್ಸ್ ಪರೀಕ್ಷೆಗಳನ್ನು ನೋಡುತ್ತೇನೆ. ಏವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6ರಂತೆ 18 ಅಂಕ ಕೊಡುತ್ತದೆ: ರಕ್ಷಣೆ, ವೇಗ, ಬಳಕೆ. ಕೊನೆಯದನ್ನು ಬಿಡಬೇಡಿ. ಒಳ್ಳೆಯ ಫೈಲನ್ನು ವೈರಸ್ ಎಂದು ತಪ್ಪಾಗಿ ಹಿಡಿದರೆ ಅಂಕ ಹೋಗುವುದು ಅಲ್ಲೇ. ಡಿಫೆಂಡರ್ ಕೆಲವು ವರ್ಷಗಳಿಂದ ಮೇಲಿನ ಸಾಲಿನಲ್ಲೇ ಇದೆ. ವೇಗದಲ್ಲಿ ಮಾತ್ರ ಅದಕ್ಕಿಂತ ಹಗುರಾದ ಆಂಟಿವೈರಸ್‌ಗಳಿವೆ. ಇನ್ನೊಂದು ಮಿತಿ ಮುಖ್ಯವಾದದ್ದು. ಡಿಫೆಂಡರ್ ಇಂಟರ್ನೆಟ್ ಮೇಲೆ ತುಂಬಾ ಅವಲಂಬಿಸಿದೆ. ಅನುಮಾನ ಬಂದ ಫೈಲನ್ನು ಮೈಕ್ರೋಸಾಫ್ಟ್‌ನ ಸರ್ವರಿಗೆ ಕೇಳಿ ತೀರ್ಮಾನ ಮಾಡುತ್ತದೆ. ನೆಟ್ ಇಲ್ಲದ ಕಂಪ್ಯೂಟರಿಗೆ ದಿನವೂ ಬೇರೆಯವರ ಪೆನ್‌ಡ್ರೈವ್ ಚುಚ್ಚುವವರಾದರೆ ಡಿಫೆಂಡರ್ ನಿಮಗಲ್ಲ. ಆಫ್‌ಲೈನ್‌ನಲ್ಲೂ ಚೆನ್ನಾಗಿ ಹಿಡಿಯುವುದನ್ನು ಕೊಳ್ಳಿ.

ನನಗೆ ಅಂಕಕ್ಕಿಂತ ದೊಡ್ಡದು ಇನ್ನೊಂದಿದೆ. ಆಂಟಿವೈರಸ್ ನಮ್ಮ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ಎಷ್ಟೋ ಸೂಟ್‌ಗಳು ಬ್ರೌಸರ್ ಒಳಗೂ ಕೂರುತ್ತವೆ. ಮನೆಯ ಬೀಗದ ಕೈ ಎಲ್ಲ ಅದರ ಹತ್ತಿರ ಇರುತ್ತದೆ. ಅವಾಸ್ಟ್ ಕಂಪನಿ ಬಳಕೆದಾರರು ಯಾವ ಯಾವ ಸೈಟ್ ನೋಡುತ್ತಾರೆ ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರ ಜನವರಿಯಲ್ಲಿ ಪತ್ರಿಕಾ ವರದಿಗಳಿಂದ ದೊಡ್ಡ ಸುದ್ದಿಯಾಯಿತು. ಅದೇ ತಿಂಗಳು ಜಂಪ್‌ಶಾಟ್ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅವರು 1.65 ಕೋಟಿ ಡಾಲರ್ ಕಟ್ಟಬೇಕು, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರಬಾರದು ಎಂದು ಪ್ರಕಟಿಸಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಮೈಕ್ರೋಸಾಫ್ಟ್ ಏನೂ ನೋಡುವುದಿಲ್ಲ ಎಂದಲ್ಲ, ವಿಂಡೋಸ್ ಬಳಸುವ ಮೂಲಕ ಅವರನ್ನು ಆಗಲೇ ಒಳಗೆ ಬಿಟ್ಟುಕೊಂಡಿದ್ದೇವೆ. ಇನ್ನೊಬ್ಬರ ಕೈಗೂ ಬೀಗದ ಕೈ ಕೊಡುವ ಮೊದಲು ಯೋಚಿಸುತ್ತೇನೆ. ಅನುಮಾನದ ಫೈಲುಗಳನ್ನು ತಾನಾಗಿ ಕಳಿಸುವ 'ಆಟೋಮ್ಯಾಟಿಕ್ ಸ್ಯಾಂಪಲ್ ಸಬ್ಮಿಷನ್' ಬೇಡ ಅನ್ನಿಸಿದರೆ ಸೆಟಿಂಗ್ಸ್‌ನಲ್ಲಿ ಆಫ್ ಮಾಡಬಹುದು.

ಸುಮ್ನೆ ಇದ್ದಂತೆ ಬಿಟ್ಟರೆ ಡಿಫೆಂಡರಿನ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ವಿಂಡೋಸ್ ಸೆಕ್ಯೂರಿಟಿಯ 'ಆಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ ಬೇಡದ ಆಪ್‌ಗಳನ್ನು ತಡೆಯುವ ಸ್ವಿಚ್ ಆನ್ ಇದೆಯೇ ನೋಡಿ. ಹಳೆಯ ಆಂಟಿ-ಸ್ಪೈವೇರ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಅಲ್ಲಿದೆ. 2017ರ ಕೊನೆಗೆ ಬಂದ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಕೈ ಆಡಿಸಲು ಬಿಡುವುದಿಲ್ಲ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಂ) ಮಾಡುವುದೇ ಅದನ್ನು, ಅಲ್ವಾ. ಹೊಸ ಪ್ರೋಗ್ರಾಂ ಹಾಕಿದಾಗ ಒಮ್ಮೊಮ್ಮೆ ನಾವೇ 'ಅಲೋ' ಮಾಡಬೇಕಾಗುತ್ತದೆ. ಅಷ್ಟು ಕಿರಿಕಿರಿ ಸಹಿಸಬಹುದು. ಅಪ್ಪನಿಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟಿದ್ದೇನೆ. ನನ್ನ ಅನುಭವದಲ್ಲಿ ಅದು ಯಾವ ಸೂಟಿಗಿಂತಲೂ ಹೆಚ್ಚು ಕೆಲಸ ಮಾಡಿದೆ.

ಮಾಲ್‌ವೇರ್‌ಬೈಟ್ಸ್ ಹಾಕಿದರೆ ಮೊದಲ 14 ದಿನ ಪ್ರೀಮಿಯಂ ಟ್ರಯಲ್ ಓಡುತ್ತದೆ. ಸೆಟಿಂಗ್ಸ್‌ಗೆ ಹೋಗಿ ನಿಲ್ಲಿಸಿಬಿಡಿ. ಎರಡು ರಿಯಲ್-ಟೈಮ್ ಕಾವಲು ಒಟ್ಟಿಗೆ ಬೇಡ, ಒಂದೇ ಫೈಲಿಗೆ ಎರಡೂ ಕೈ ಹಾಕುತ್ತವೆ. ಟ್ರಯಲ್ ನಿಂತ ಮೇಲೆ ಅದು ನಾವು ಕೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ. ನನಗೆ ಬೇಕಾದದ್ದು ಅಷ್ಟೇ. ಯೂಬ್ಲಾಕ್ ಆರಿಜಿನ್ ಪೂರ್ತಿ ರೂಪದಲ್ಲಿ ಫೈರ್‌ಫಾಕ್ಸ್‌ನಲ್ಲಿ ಸಿಗುತ್ತದೆ. ಕ್ರೋಮ್‌ನಲ್ಲಾದರೆ ಈಗ ಲೈಟ್ ಆವೃತ್ತಿ.

ಇಷ್ಟೆಲ್ಲ ಇದ್ದೂ ಹೋದ ವರ್ಷ ಅಪ್ಪ ಗಾಬರಿಯಲ್ಲಿ ಫೋನ್ ಮಾಡಿದರು. ಪರದೆಯ ಬಲ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ 5 ವೈರಸ್ ತಗುಲಿವೆ" ಎಂದು ಬರುತ್ತಿದೆಯಂತೆ. ಜೊತೆಗೆ ಹೆಸರಾಂತ ಆಂಟಿವೈರಸ್ ಒಂದರ ಚಿಹ್ನೆ. "ನಾನೇನೂ ಒತ್ತಿಲ್ಲ ಕಣೋ" ಎಂದರು. ಡಿಫೆಂಡರ್ ಸ್ಕ್ಯಾನ್ ಖಾಲಿ, ಮಾಲ್‌ವೇರ್‌ಬೈಟ್ಸ್ ಖಾಲಿ. ಐದು ನಿಮಿಷಕ್ಕೊಮ್ಮೆ ಅದೇ ಮಾತು ಬರುತ್ತಲೇ ಇತ್ತು. "ಆ ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ, ಒಂದೊಂದೇ ಓದಿ" ಎಂದೆ. ಕನ್ನಡಕ ಹಾಕಿಕೊಂಡು ಓದಿದರು. ಬ್ರೌಸರಿನ ಹೆಸರು, ಅದರ ಪಕ್ಕದಲ್ಲಿ ಕೇಳರಿಯದ ಒಂದು ಸೈಟಿನ ಹೆಸರು.

ಅದು ವೈರಸ್ ಅಲ್ಲ. ಬ್ರೌಸರ್ ನೋಟಿಫಿಕೇಷನ್. ಎಂದೋ ಯಾವುದೋ ಪುಟ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದಿದೆ, ಅಪ್ಪ ಒತ್ತಿದ್ದಾರೆ. ಕಂಪ್ಯೂಟರಿನಲ್ಲಿ ಏನೂ ಸೇರಿಲ್ಲ, ಹಾಗಾಗಿ ಸ್ಕ್ಯಾನ್‌ಗೆ ಹಿಡಿಯಲು ಏನೂ ಇಲ್ಲ. ಬ್ರೌಸರ್ ಸೆಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ತೆರೆದು ಅನುಮತಿ ಇರುವ ಸೈಟುಗಳ ಪಟ್ಟಿ ನೋಡಿಸಿದೆ. ಹನ್ನೊಂದು ಸೈಟ್ ಇದ್ದವು. ಫೋನಿನಲ್ಲೇ ಒಂದೊಂದಾಗಿ ತೆಗೆಸಿದೆ. ಆಮೇಲೆ 'ಯಾವ ಸೈಟೂ ಕೇಳುವಂತಿಲ್ಲ' ಎಂಬ ಆಯ್ಕೆ ಹಾಕಿಸಿದೆ. ಮತ್ತೆ ಬಂದಿಲ್ಲ. ಮನೆಯಲ್ಲಿ ಹಿರಿಯರ ಕಂಪ್ಯೂಟರ್ ಇದ್ದರೆ ಇವತ್ತೇ ಆ ಪಟ್ಟಿ ತೆರೆದು ನೋಡಿ, ದಯವಿಟ್ಟು. ಆ ಪೆಟ್ಟಿಗೆ ಒತ್ತಿ, ಹೆದರಿ, ದುಡ್ಡು ಕಟ್ಟುವವರು ಇದ್ದಾರೆ. ಅಪ್ಪ ಕಾರ್ಡ್ ಹುಡುಕಲು ಎದ್ದಿದ್ದರು, ಅಮ್ಮ "ಮೊದಲು ಅವನಿಗೆ ಫೋನ್ ಮಾಡಿ" ಎಂದದ್ದಕ್ಕೆ ಉಳಿಯಿತು.

ದುಡ್ಡು ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಕಂಪ್ಯೂಟರ್ ಮೇಲೆ ಕಣ್ಣಿಡಬೇಕು, ಮನೆಯ ಫೋನುಗಳನ್ನೆಲ್ಲ ಒಂದೇ ಕಡೆ ನೋಡಬೇಕು, ತೊಂದರೆ ಬಂದಾಗ ಕರೆ ಮಾಡಲು ಒಂದು ಸಹಾಯವಾಣಿ ಬೇಕು ಎನ್ನುವವರಿಗೆ ಒಳ್ಳೆಯ ಸೂಟ್‌ಗಳಿವೆ. ರಕ್ಷಣೆ ಮಾತ್ರ ಸಾಕು ಎನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಯಾವ ಆಂಟಿವೈರಸ್ ಇದ್ದರೂ ವಿಂಡೋಸ್ ಅಪ್‌ಡೇಟ್ ನಿಲ್ಲಿಸಬೇಡಿ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿತಲ್ಲ, ಅದು ಬಳಸಿದ ತೂತಿಗೆ ಮಾರ್ಚ್ 14ರಂದೇ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಬಂದಿತ್ತು. ಎರಡು ತಿಂಗಳು ಸಮಯ ಇತ್ತು. ಆ ವಾರವೇ ನಾನು ಮೂರೂ ಕಂಪ್ಯೂಟರಿನ ಅಪ್‌ಡೇಟ್ ಪುಟ ತೆರೆದು ಕೂತಿದ್ದೆ. ಡಿಫೆಂಡರಿಗೆ ಬದಲಾದದ್ದೂ ಅದಾದ ಸ್ವಲ್ಪ ದಿನಕ್ಕೆ.

ಈಗ ನನ್ನ ತಲೆಯಲ್ಲಿ ಇರುವುದು ಅಪ್ಪನ ಡೆಸ್ಕ್‌ಟಾಪ್. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಡೆಸ್ಕ್‌ಟಾಪಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ, ಹಾಗಾಗಿ ವಿಂಡೋಸ್ 11 ಹಾಕುವಂತಿಲ್ಲ. ವಿಂಡೋಸ್ 10ರ ಡಿಫೆಂಡರಿಗೆ 2028ರ ಅಕ್ಟೋಬರ್ ತನಕ ಹೊಸ ವೈರಸ್‌ಗಳ ಪಟ್ಟಿ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸ್‌ನ ತೂತುಗಳನ್ನು ಡಿಫೆಂಡರ್ ಮುಚ್ಚುವುದಿಲ್ಲ, ಅದು ಪ್ಯಾಚ್‌ಗಳ ಕೆಲಸ. ಸದ್ಯಕ್ಕೆ 2026ರ ಅಕ್ಟೋಬರ್ 13ರ ತನಕ ಪ್ಯಾಚ್ ಕೊಡುವ ವಿಸ್ತರಣೆಗೆ ಅದನ್ನು ಸೇರಿಸಿದ್ದೇನೆ. ಫೋಟೋಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ವೈರ್ ಕಿತ್ತು, ಬೀರುವಿನಲ್ಲಿ ಇಟ್ಟಿದ್ದೇನೆ. ತಿಂಗಳ ಮೊದಲ ಭಾನುವಾರ ಅಪ್ಪನೇ ಅದನ್ನು ತೆಗೆದು ಜೋಡಿಸಿ, ಕಾಪಿ ಮಾಡಿ, ಮತ್ತೆ ಒಳಗೆ ಇಡುತ್ತಾರೆ. ಆಮೇಲೆ ನನಗೆ "ಆಯ್ತು" ಎಂದು ಒಂದು ಮೆಸೇಜ್ ಹಾಕುತ್ತಾರೆ.