ಹಾಲುಹಲ್ಲಿಗೆ ವಾರ್ನಿಷ್: ಕೆನಡಾದ ಮೂಲನಿವಾಸಿ ಮಕ್ಕಳ ದಂತಸೇವೆ ಹೇಗಿದೆ?

ಕೆನಡಾದ ಫಸ್ಟ್ ನೇಷನ್ಸ್ ಮತ್ತು ಇನ್ಯೂಟ್ ಸಮುದಾಯಗಳಿಗಾಗಿ 2004ರಲ್ಲಿ ಶುರುವಾದ ಮಕ್ಕಳ ಬಾಯಿ ಆರೋಗ್ಯ ಯೋಜನೆ 7 ವರ್ಷದವರೆಗಿನ ಮಕ್ಕಳನ್ನೂ ಪೋಷಕರನ್ನೂ ಗರ್ಭಿಣಿಯರನ್ನೂ ತಲುಪುತ್ತದೆ. ಇದರ ನಿಜವಾದ ಬಲ ಊರಿನವರೇ ಆದ ಸಹಾಯಕಿ. ದಂತ ಸಿಬ್ಬಂದಿ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದೂರದ ಹಳ್ಳಿಗಳಲ್ಲಿ ಮನೆಮನೆಯ ಪರಿಚಯವಿರುವವಳು ಅವಳೊಬ್ಬಳೇ.

ಮುಖ್ಯ ಸೇವೆ ಶೇ 5ರ ಸೋಡಿಯಂ ಫ್ಲೋರೈಡ್ ವಾರ್ನಿಷ್, ಅಂದರೆ ಹುಳುಕು ತಡೆಯಲು ಹಲ್ಲಿಗೆ ಬಳಿಯುವ ಲೇಪ. ಹಾಲುಹಲ್ಲಿನ ಮಗುವಿಗೆ 0.25 ಮಿಲಿ ಸಾಕು. ತಾಯಿ, ಸಹಾಯಕಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮಗುವಿನ ತಲೆಯನ್ನು ಸಹಾಯಕಿಯ ಮಡಿಲಿಗೆ ಒರಗಿಸುತ್ತಾರೆ. ಗಾಜ್ ಬಟ್ಟೆಯಿಂದ ಹಲ್ಲು ಒರೆಸಿ ತೆಳುವಾಗಿ ಬಳಿದರೆ ಕೆಲವೇ ನಿಮಿಷದ ಕೆಲಸ. ಡ್ರಿಲ್ ಇಲ್ಲ, ಸೂಜಿ ಇಲ್ಲ. ಪುಟ್ಟ ಮಗುವಿಗೆ ಇದಕ್ಕಿಂತ ಹಗುರವಾದ ಚಿಕಿತ್ಸೆ ಸಿಗುವುದು ಕಷ್ಟ. ಅಂದು ಮೆತ್ತನೆಯ ಊಟವೇ ಇರಲಿ, ಬಿಸಿ ಪಾನೀಯ ಬೇಡ, ಬ್ರಷ್ ಮರುದಿನ ಬೆಳಿಗ್ಗೆ. ವಾರ್ನಿಷ್‌ನಲ್ಲಿ ರಾಳವಿರುವುದರಿಂದ ಅಲರ್ಜಿಯ ಬಗ್ಗೆ ಮೊದಲೇ ಕೇಳಲೇಬೇಕು.

ಯೋಜನೆ ಎಡವುವುದು ನಿರಂತರತೆಯಲ್ಲಿ. 3ರಿಂದ 6 ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಸಹಾಯಕಿಯ ಹುದ್ದೆ ಖಾಲಿ ಬಿದ್ದರೆ ಸರಣಿಯೇ ತುಂಡಾಗುತ್ತದೆ. ರಾತ್ರಿ ಬಾಟಲಿಯಲ್ಲಿ ಜ್ಯೂಸ್ ಕೊಡುವುದು ನಿಲ್ಲದಿದ್ದರೆ ವಾರ್ನಿಷ್ ಒಂದರಿಂದಲೇ ಹುಳುಕನ್ನು ತಡೆಯಲಾಗದು. ಮನೆಯಲ್ಲಿ 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಬಟಾಣಿಯಷ್ಟು, ಅದೂ ದೊಡ್ಡವರ ಕೈಯಿಂದಲೇ.