ಆ್ಯನ್ ಎಲಿಯಟ್‌ಳ ಮೌನ: ‘ಪರ್ಸುಯೇಷನ್’ ಕಾದಂಬರಿಯ ನಾಲ್ಕು ತೆರೆರೂಪಗಳು

ಜೇನ್ ಆಸ್ಟೆನ್ ಅವರ ‘ಪರ್ಸುಯೇಷನ್’ ಕಾದಂಬರಿಯ ನಾಯಕಿ ಆ್ಯನ್ ಎಲಿಯಟ್‌ಳ ಮಾತು ನಮಗೆ ಮೊದಲ ಸಲ ಕೇಳಿಸುವುದು ಮೂರನೆಯ ಅಧ್ಯಾಯದಲ್ಲಿ. ಸಾಲದಲ್ಲಿ ಮುಳುಗಿರುವ ಅವಳ ತಂದೆ ಸರ್ ವಾಲ್ಟರ್, ತನ್ನ ವಂಶದ ಮನೆಯಾದ ಕೆಲಿಂಚ್ ಹಾಲನ್ನು ನೌಕಾಪಡೆಯ ಅಧಿಕಾರಿಯೊಬ್ಬರಿಗೆ ಬಾಡಿಗೆಗೆ ಕೊಡಬಹುದೇ ಎಂಬ ಚರ್ಚೆ ನಡೆದಿರುತ್ತದೆ. ದೇಶಕ್ಕಾಗಿ ಇಷ್ಟೆಲ್ಲ ದುಡಿದ ನಾವಿಕರಿಗೆ ಮನೆಯ ಸುಖವನ್ನು ಅನುಭವಿಸುವ ಹಕ್ಕು ಉಳಿದವರಷ್ಟೇ ಇದೆ ಎಂದು ಅವಳು ಆಗ ಹೇಳುತ್ತಾಳೆ. ಆ ಮಾತಿನ ಹಿಂದೆ ಏನಿದೆ ಎಂಬುದು ಓದುಗರಿಗೆ ಇನ್ನೂ ಗೊತ್ತಿಲ್ಲ. ಮುಂದಿನ ಅಧ್ಯಾಯದಲ್ಲಿ ಅದು ತಿಳಿಯುತ್ತದೆ: ಎಂಟು ವರ್ಷಗಳ ಹಿಂದೆ, ತನ್ನ 19ನೆಯ ವಯಸ್ಸಿನಲ್ಲಿ, ಆಸ್ತಿಯಿಲ್ಲದ ತರುಣ ನೌಕಾಧಿಕಾರಿ ಫ್ರೆಡರಿಕ್ ವೆಂಟ್‌ವರ್ತ್‌ನನ್ನು ಮದುವೆಯಾಗಲು ಒಪ್ಪಿ, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್ ಅವರ ಮಾತಿಗೆ ಮಣಿದು ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡವಳು ಇವಳು. ಅಂದಿನಿಂದ ಅವನ ಏಳಿಗೆಯ ಸುದ್ದಿಗೆ ಅವಳಿಗಿದ್ದ ಆಧಾರವೆಂದರೆ ನೌಕಾಪಡೆಯ ಪಟ್ಟಿಗಳು ಮತ್ತು ಪತ್ರಿಕೆಗಳು ಮಾತ್ರ. ಬಾಡಿಗೆಗೆ ಬರಲಿರುವ ಅಡ್ಮಿರಲ್ ಕ್ರಾಫ್ಟ್ ಟ್ರಫಾಲ್ಗರ್ ಕದನದಲ್ಲಿದ್ದವರು ಎಂಬ ವಿವರ ಮನೆಯವರಲ್ಲಿ ಅವಳೊಬ್ಬಳಿಗೇ ಬಾಯಲ್ಲಿ ಸಿದ್ಧವಾಗಿರುವುದು ಏಕೆ ಎಂದು ನಮಗೆ ಆಗ ಹೊಳೆಯುತ್ತದೆ.

ಇಡೀ ಕಾದಂಬರಿ ಸಾಗುವುದು ಹೀಗೆ. ಆ್ಯನ್‌ಳ ಮೌನವೆಂದರೆ ಹೇಳುವುದಕ್ಕೆ ಏನೂ ಇಲ್ಲದಿರುವ ಸ್ಥಿತಿಯಲ್ಲ. ಅವಳು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ, ಅವಳ ಮಾತನ್ನು ಕೇಳುವವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಈ ಕಥೆಯನ್ನು ತೆರೆಗೆ ತರುವವರನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಅವಳು ಕೇಳಿಸಿಕೊಳ್ಳುವುದನ್ನು ಇವರ ಕ್ಯಾಮೆರಾ ತೋರಿಸಬಲ್ಲದೇ? 1971, 1995, 2007 ಮತ್ತು 2022ರ ನಾಲ್ಕು ರೂಪಗಳನ್ನು ಕಾದಂಬರಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದ ಮೇಲೆ, ಈ ಪ್ರಶ್ನೆಗೆ ಪೂರ್ಣವಾದ ಉತ್ತರ ಒಂದರಲ್ಲಿ ಮಾತ್ರ ದೊರೆಯುತ್ತದೆ ಎಂದು ನನಗೆ ಅನ್ನಿಸಿದೆ.

1971ರಲ್ಲಿ ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ತಯಾರಿಸಿದ ಧಾರಾವಾಹಿಯಲ್ಲಿ ಆ್ಯನ್ ಫರ್‌ಬ್ಯಾಂಕ್ ನಾಯಕಿಯಾಗಿದ್ದಾರೆ, ಬ್ರಯನ್ ಮಾರ್ಷಲ್ ವೆಂಟ್‌ವರ್ತ್ ಆಗಿದ್ದಾರೆ. ಮೂಲದ ಸಂಭಾಷಣೆಗಳನ್ನು ಇಷ್ಟು ಧಾರಾಳವಾಗಿ ಉಳಿಸಿಕೊಂಡ ರೂಪ ಬೇರೊಂದಿಲ್ಲ. ಕಾದಂಬರಿಯ ಮಾತುಗಳನ್ನು ನಟರ ಬಾಯಿಂದ ಕೇಳಬೇಕೆನ್ನುವವರಿಗೆ ಇದು ತೃಪ್ತಿ ಕೊಡುತ್ತದೆ. ಆದರೆ ಆ ಕಾಲದ ಸ್ಟುಡಿಯೋ ಚಿತ್ರೀಕರಣದಲ್ಲಿ ಬೆಳಕು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆ, ಕ್ಯಾಮೆರಾ ಮಾತನಾಡುವವರನ್ನೇ ಹಿಂಬಾಲಿಸುತ್ತದೆ, ಮಾತನಾಡದ ಆ್ಯನ್ ಎಷ್ಟೋ ಹೊತ್ತು ಚೌಕಟ್ಟಿನಿಂದ ಹೊರಗೇ ಉಳಿಯುತ್ತಾಳೆ. ನಾಯಕಿ 27ರ ಹೆಣ್ಣೆಂದು ನಂಬುವುದೂ ಕಷ್ಟ. ನಿಧಾನಗತಿಯನ್ನು ಸಹಿಸಬಲ್ಲವರು, ಕಾದಂಬರಿಯನ್ನು ಈಗಾಗಲೇ ಪ್ರೀತಿಸುವವರು ನೋಡಬಹುದು.

2022ರ ನೆಟ್‌ಫ್ಲಿಕ್ಸ್ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದು ಹೊಸಬರ ಕೈಗೆ ಮೊದಲು ಸಿಗುವುದು ಅದೇ. ಕ್ಯಾರಿ ಕ್ರ್ಯಾಕ್‌ನೆಲ್ ನಿರ್ದೇಶಿಸಿರುವ ಇದರಲ್ಲಿ ಡಕೋಟಾ ಜಾನ್ಸನ್ ಆ್ಯನ್ ಆಗಿದ್ದಾರೆ. ಈ ಆ್ಯನ್ ಪದೇ ಪದೇ ಕ್ಯಾಮೆರಾದತ್ತ ತಿರುಗಿ ತನ್ನ ಕುಟುಂಬದವರ ಬಗ್ಗೆ ನಮಗೆ ಟೀಕೆ ಒಪ್ಪಿಸುತ್ತಾಳೆ, ಬಾಟಲಿಯಿಂದಲೇ ವೈನ್ ಕುಡಿಯುತ್ತಾಳೆ, ವೆಂಟ್‌ವರ್ತ್ ಕೊಟ್ಟಿದ್ದ ಸಂಗೀತದ ಹಾಳೆಗಳ ಕಟ್ಟನ್ನು ತೋರಿಸಿ ಅದನ್ನು ‘ಪ್ಲೇಲಿಸ್ಟ್’ ಎನ್ನುತ್ತಾಳೆ. ಹಳೆಯ ಕಥೆಗೆ ಇಂದಿನ ಭಾಷೆ ತೊಡಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆಕ್ಷೇಪವಿರುವುದು ಆ ಭಾಷೆ ಯಾರ ಬಾಯಲ್ಲಿದೆ ಎಂಬುದರ ಬಗ್ಗೆ. ಕಾದಂಬರಿಯ ಚುರುಕಾದ ವ್ಯಂಗ್ಯವೆಲ್ಲ ನಿರೂಪಣೆಯ ಧ್ವನಿಗೆ ಸೇರಿದ್ದು. ಆ ಧ್ವನಿ ಆ್ಯನ್‌ಳ ಮನಸ್ಸಿಗೆ ಬಹಳ ಹತ್ತಿರ ಬರುತ್ತದೆ, ಆದರೆ ಅವಳ ನಾಲಗೆಯಾಗುವುದಿಲ್ಲ. ಆ ವ್ಯಂಗ್ಯವನ್ನು ಅವಳಿಗೇ ವಹಿಸಿಕೊಟ್ಟಾಗ, ಎಂಟು ವರ್ಷ ಯಾರೊಡನೆಯೂ ಹಂಚಿಕೊಳ್ಳದೆ ನೋವನ್ನು ಹೊತ್ತವಳು ಮಾಯವಾಗಿ, ದುಃಖವನ್ನು ಬಂದವರಿಗೆಲ್ಲ ಚೆನ್ನಾಗಿ ವರ್ಣಿಸಬಲ್ಲ ಬೇರೊಬ್ಬಳು ಅಲ್ಲಿ ಕಾಣಿಸಿಕೊಳ್ಳುತ್ತಾಳೆ.

ಒಂದು ಉದಾಹರಣೆ ಕೊಡುತ್ತೇನೆ. ಆ್ಯನ್‌ಳ ತಂಗಿ ಮೇರಿಯನ್ನು ಮದುವೆಯಾಗಿರುವ ಚಾರ್ಲ್ಸ್ ಮಸ್‌ಗ್ರೋವ್ ಮೊದಲು ಕೇಳಿದ್ದು ಆ್ಯನ್‌ಳನ್ನೇ. ಕಾದಂಬರಿಯಲ್ಲಿ ಈ ಸಂಗತಿಯನ್ನು ವೆಂಟ್‌ವರ್ತ್‌ಗೆ ಹೇಳುವವಳು ಚಾರ್ಲ್ಸ್‌ನ ತಂಗಿ ಲೂಯಿಸಾ. ಹೊಲದ ಬೇಲಿಯ ಮರೆಯಲ್ಲಿ ಕುಳಿತಿರುವ ಆ್ಯನ್‌ಳ ಕಿವಿಗೆ ಅದು ಬೀಳುತ್ತದೆ, ವೆಂಟ್‌ವರ್ತ್‌ನ ದನಿಯಲ್ಲಿ ಮೂಡಿದ ಕುತೂಹಲವೂ ಬೀಳುತ್ತದೆ, ಅವಳು ಕದಲದೆ ಕುಳಿತಿರುತ್ತಾಳೆ. ಎರಡನೆಯ ಸಲ ಓದುವಾಗಲೂ ಮೈ ನವಿರೇಳಿಸುವ ಪುಟಗಳವು. 2022ರ ಚಿತ್ರದಲ್ಲಿ ಆ್ಯನ್ ಅದನ್ನು ತಾನೇ ಎಲ್ಲರ ಮುಂದೆ ಹೇಳಿಬಿಡುತ್ತಾಳೆ. ಕೇಳಿಸಿಕೊಳ್ಳುವುದರಿಂದ ಹುಟ್ಟಬೇಕಾಗಿದ್ದ ದೃಶ್ಯ ಒಂದು ಮುಜುಗರದ ಗಳಿಗೆಯಾಗಿ ಮುಗಿಯುತ್ತದೆ. ಮೇರಿಯಾಗಿ ಮಿಯಾ ಮೆಕೆನಾ-ಬ್ರೂಸ್ ಬಹಳ ಚೆನ್ನಾಗಿ ನಟಿಸಿದ್ದಾರೆ. ತನ್ನನ್ನು ಬಿಟ್ಟು ಬೇರೇನೂ ಕಾಣದ ಆ ತಂಗಿಗೆ ಈ ಚಿತ್ರದ ಶೈಲಿ ನಿಜವಾಗಿಯೂ ಒಪ್ಪುತ್ತದೆ.

2007ರ ಐಟಿವಿ ಚಿತ್ರವನ್ನು ಇಷ್ಟು ಸುಲಭವಾಗಿ ಬದಿಗಿಡಲು ನನ್ನಿಂದಾಗದು. ಅದಕ್ಕೆ ಕಾರಣ ಸ್ಯಾಲಿ ಹಾಕಿನ್ಸ್ ಅವರ ಮುಖ. ನಗಬೇಕೋ ಅಳಬೇಕೋ ತಿಳಿಯದೆ ತುಟಿಯ ಬಳಿ ನಿಂತುಹೋಗುವ ಭಾವ, ಯಾರಾದರೂ ಹೆಸರು ಹಿಡಿದು ಕರೆದೊಡನೆ ಕೆಲಸಕ್ಕಾಗಿಯೇ ಕರೆದಿರಬೇಕೆಂದು ಏಳುವ ಆತುರ, ಇವುಗಳಲ್ಲಿ ಆ್ಯನ್ ನಿಜವಾಗಿ ಇದ್ದಾಳೆ. ಇಲ್ಲಿಯೂ ನಾಯಕಿ ದಿನಚರಿ ಬರೆಯುತ್ತಾಳೆ, ಆಗೀಗ ಕ್ಯಾಮೆರಾವನ್ನು ನೇರವಾಗಿ ನೋಡುತ್ತಾಳೆ. ಆದರೆ ಆ ನೋಟಕ್ಕೆ ಮಾತಿಲ್ಲದಿರುವುದರಿಂದ ಅದು ನಮ್ಮನ್ನು ಸಾಕ್ಷಿಗಳನ್ನಾಗಿ ಮಾಡುತ್ತದೆಯೇ ಹೊರತು ಸಭಿಕರನ್ನಾಗಿ ಅಲ್ಲ. ಹದಿನೈದು ವರ್ಷಗಳ ಅನಂತರ ಬಂದ ಚಿತ್ರ ಈ ವ್ಯತ್ಯಾಸವನ್ನು ಗಮನಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಈ ಚಿತ್ರ ಒಂದು ದೊಡ್ಡ ತಪ್ಪು ಮಾಡಿದೆ, ಅದನ್ನು ವಿವರಿಸಲು ಕಾದಂಬರಿಯ ರಚನೆಯ ಕಡೆಗೆ ತಿರುಗಬೇಕು. 1816ರ ಬೇಸಿಗೆಯಲ್ಲಿ ಆಸ್ಟೆನ್ ಬರೆದ ಮೊದಲ ಮುಕ್ತಾಯ ಬೇರೆಯಾಗಿತ್ತು. ಅದರ ಹಸ್ತಪ್ರತಿ ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಅಡ್ಮಿರಲ್‌ರ ಪರವಾಗಿ ವೆಂಟ್‌ವರ್ತ್ ಆ್ಯನ್‌ಳ ಬಳಿ ಬಂದು, ನೀವು ನಿಮ್ಮ ದಾಯಾದಿ ಎಲಿಯಟ್‌ನನ್ನು ಮದುವೆಯಾಗಿ ಕೆಲಿಂಚ್‌ಗೆ ಹಿಂದಿರುಗುವುದಾದರೆ ಮನೆ ಬಿಟ್ಟುಕೊಡಲು ಅಡ್ಮಿರಲ್ ಸಿದ್ಧರಿದ್ದಾರೆ ಎನ್ನಬೇಕಾಗುತ್ತದೆ, ಅವಳು ಆ ಸುದ್ದಿ ಸುಳ್ಳೆನ್ನುತ್ತಾಳೆ, ಇಬ್ಬರೂ ಒಂದಾಗುತ್ತಾರೆ. ಆಸ್ಟೆನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಬದಲಾಗಿ ಬರೆದ ಅಧ್ಯಾಯದಲ್ಲಿ, ಬಾತ್ ನಗರದ ವೈಟ್ ಹಾರ್ಟ್ ಹೋಟೆಲಿನ ಕೋಣೆಯೊಂದರಲ್ಲಿ ಆ್ಯನ್ ಕ್ಯಾಪ್ಟನ್ ಹಾರ್ವಿಲ್‌ನೊಡನೆ, ಗಂಡಸರ ಮತ್ತು ಹೆಂಗಸರ ಪ್ರೀತಿಯಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ ಎಂದು ವಾದಿಸುತ್ತಾಳೆ. ಆಸೆ ಸತ್ತ ಮೇಲೂ ಪ್ರೀತಿಸುತ್ತಲೇ ಇರುವುದು ಹೆಂಗಸರ ಪಾಲಿಗೆ ಬಂದದ್ದು ಎನ್ನುತ್ತಾಳೆ. ಅದೇ ಕೋಣೆಯಲ್ಲಿ ಪತ್ರ ಬರೆಯುತ್ತಿರುವ ವೆಂಟ್‌ವರ್ತ್‌ನ ಲೇಖನಿ ಕೈಜಾರಿ ಬೀಳುತ್ತದೆ. ಇಷ್ಟು ದಿನ ಎಲ್ಲರ ಮಾತನ್ನೂ ಕೇಳಿಸಿಕೊಂಡವಳ ಮಾತನ್ನು ಈಗ ಒಬ್ಬನು ಕೇಳಿಸಿಕೊಳ್ಳುತ್ತಾನೆ, ಅವಳಿಗೆ ತನ್ನ ಪ್ರೀತಿಯನ್ನು ಹೇಳಿಕೊಳ್ಳುವ ಅವನ ಪ್ರಸಿದ್ಧ ಪತ್ರ ಆ ಮಾತಿಗೆ ಉತ್ತರವಾಗಿಯೇ ಹುಟ್ಟುತ್ತದೆ.

2007ರ ಚಿತ್ರ ಈ ಸಂಭಾಷಣೆಯನ್ನು ಬಾತ್‌ನಿಂದ ಕಿತ್ತು, ಬಹಳ ಮೊದಲೇ ಲೈಮ್ ಊರಿನಲ್ಲಿ, ಕ್ಯಾಪ್ಟನ್ ಬೆನ್ವಿಕ್‌ನೊಡನೆ ನಡೆಸಿಬಿಡುತ್ತದೆ. ಪತ್ರವೇನೋ ಕೊನೆಯಲ್ಲಿ ಬರುತ್ತದೆ, ಆದರೆ ಅದು ಯಾವ ಮಾತಿಗೆ ಉತ್ತರವೋ ಆ ಮಾತು ಆ ಹೊತ್ತಿಗೆ ತಣ್ಣಗಾಗಿರುತ್ತದೆ. ಆ ಕೊರತೆ ತುಂಬಲೆಂಬಂತೆ ಆ್ಯನ್ ಬಾತ್‌ನ ಬೀದಿಗಳಲ್ಲಿ ಏದುಸಿರು ಬಿಡುತ್ತಾ ಓಡುತ್ತಾಳೆ. ಕಾದಂಬರಿಯಲ್ಲಿ ವಾತಜ್ವರದಿಂದ ಕಾಲಿನ ಶಕ್ತಿ ಕಳೆದುಕೊಂಡಿರುವ ಗೆಳತಿ ಮಿಸೆಸ್ ಸ್ಮಿತ್ ಕೂಡ ಇಲ್ಲಿ ಬೀದಿಗಿಳಿದು ಅವಳಿಗೆ ಎದುರಾಗುತ್ತಾಳೆ. ಇನ್ನು ಮುಕ್ತಾಯದಲ್ಲಿ ವೆಂಟ್‌ವರ್ತ್ ಕೆಲಿಂಚ್ ಹಾಲನ್ನೇ ಅವಳಿಗೆ ಉಡುಗೊರೆಯಾಗಿ ಕೊಟ್ಟು, ಹುಲ್ಲುಹಾಸಿನ ಮೇಲೆ ಅವಳೊಡನೆ ನರ್ತಿಸುತ್ತಾನೆ. ಯುದ್ಧದಲ್ಲಿ ಹಿಡಿದ ಹಡಗುಗಳಿಂದ ಬಂದ 25,000 ಪೌಂಡ್ ಅವನ ಬಳಿ ಇರಬಹುದು, ಆದರೆ ಆ ಮನೆ ಮಾರಾಟಕ್ಕಿರುವಂಥದ್ದಲ್ಲ. ಸರ್ ವಾಲ್ಟರ್‌ನ ನಂತರ ಅದು ವಾರಸುದಾರ ಎಲಿಯಟ್‌ನಿಗೇ ಸೇರತಕ್ಕದ್ದು. ಕಾನೂನಿನ ಮಾತು ಹಾಗಿರಲಿ, ಆ್ಯನ್‌ಳಿಗೆ ಆಸ್ತಿಯೂ ಇಲ್ಲ, ಮಹಲೂ ಇಲ್ಲ ಎಂದು ಮೇರಿ ಸಮಾಧಾನಪಟ್ಟುಕೊಳ್ಳುವ ಹಾಗೆ ಆಸ್ಟೆನ್ ಬರೆದಿರುವುದು ಸುಮ್ಮನೆ ಅಲ್ಲ. ತನ್ನನ್ನು ಎಂದೂ ಗಮನಿಸದ ಮನೆಗೆ ಅವಳನ್ನು ಹಿಂದಕ್ಕೆ ಕರೆತರುವುದು ಹೇಗೆ ಸುಖಾಂತವಾದೀತು?

1995ರ ಬಿಬಿಸಿ ಚಿತ್ರವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ರೋಜರ್ ಮಿಚೆಲ್ ನಿರ್ದೇಶನ, ನಿಕ್ ಡಿಯರ್ ಚಿತ್ರಕಥೆ, ಅಮಾಂಡಾ ರೂಟ್ ಮತ್ತು ಕಿಯರನ್ ಹೈಂಡ್ಸ್ ಮುಖ್ಯ ಪಾತ್ರಗಳಲ್ಲಿ. ಒಂದೇ ಕಂತಿನ ಅತ್ಯುತ್ತಮ ಟೆಲಿವಿಷನ್ ನಾಟಕಕ್ಕೆ ಕೊಡುವ ಬಾಫ್ಟಾ ಪ್ರಶಸ್ತಿಯೂ ಇದಕ್ಕೆ ಬಂತು. ಇದರಲ್ಲಿ ಮುಖಗಳಿಗೆ ಬಣ್ಣ ಕಡಿಮೆ, ಲಂಗದ ಅಂಚಿಗೆ ಕೆಸರು ಮೆತ್ತಿದೆ, ರಾತ್ರಿಯ ಕೋಣೆಗಳಲ್ಲಿ ಮೇಣದಬತ್ತಿಯ ಬೆಳಕಿಗಿಂತ ಕತ್ತಲೆಯೇ ಹೆಚ್ಚು. ಆರಂಭದಲ್ಲಿ ಅಮಾಂಡಾ ರೂಟ್ ಎಷ್ಟು ಬಿಳಿಚಿಕೊಂಡು, ಗೋಡೆಗೆ ಹೊಂದಿಕೊಂಡು ನಿಂತಿರುತ್ತಾರೆಂದರೆ, ನಾಯಕಿ ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತದೆ. ಈ ಕಥೆಗೆ ಬೇಕಾದದ್ದು ಅದೇ.

ಎಂಟು ವರ್ಷಗಳ ಬಳಿಕ ವೆಂಟ್‌ವರ್ತ್ ಮೊದಲ ಸಲ ಅವಳ ಎದುರಿಗೆ ಬರುವ ದೃಶ್ಯವನ್ನು ನೋಡಿ. ಅವನು ತಲೆಬಾಗುತ್ತಾನೆ, ಎರಡು ಮಾತಾಡಿ ಹೊರಟುಹೋಗುತ್ತಾನೆ. ನಮಗೆ ಕಾಣುವುದು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿರುವ ಅವಳ ಕೈ. ದೀರ್ಘ ನಡಿಗೆಯಿಂದ ಬಳಲಿದ ಅವಳನ್ನು ಅವನು ಒಂದು ಮಾತೂ ಆಡದೆ ಕ್ರಾಫ್ಟ್ ದಂಪತಿಗಳ ಗಾಡಿಗೆ ಎತ್ತಿ ಕೂರಿಸುವುದನ್ನೂ ಕ್ಯಾಮೆರಾ ಇಷ್ಟೇ ಸಂಯಮದಿಂದ ಹಿಡಿದಿದೆ. ಇತರರು ಕುಣಿಯುವಾಗ ಅವಳು ಪಿಯಾನೋ ನುಡಿಸುತ್ತಾಳೆ. ಹರಟೆ, ನಗು, ಹೆಜ್ಜೆಯ ಸದ್ದು ಅವಳ ಬೆನ್ನ ಹಿಂದಿನಿಂದ ಬರುತ್ತವೆ, ಅವಳಿರುವ ಜಾಗದಿಂದಲೇ ನಾವೂ ಅವನ್ನು ಕೇಳುತ್ತೇವೆ. ಚಿತ್ರ ಮುಂದುವರಿದಂತೆ ಅವಳ ಕೆನ್ನೆಗೆ ರಕ್ತ ಏರುವುದು ಯಾವಾಗ ಶುರುವಾಯಿತೆಂದು ನಾನು ಎರಡನೆಯ ಸಲ ನೋಡುವಾಗ ಹುಡುಕಿದೆ, ಗುರುತಿಸಲು ಆಗಲಿಲ್ಲ.

ದೋಷಗಳಿಲ್ಲವೆಂದಲ್ಲ. ಅಕ್ಕ ಎಲಿಜಬೆತ್‌ಳನ್ನು ಇಷ್ಟು ಒರಟಾಗಿ ಚಿತ್ರಿಸಬೇಕಾಗಿರಲಿಲ್ಲ. ಕಾದಂಬರಿಯ ಎಲಿಜಬೆತ್‌ಳ ಕ್ರೌರ್ಯ ಅವಳ ನಯದಲ್ಲಿದೆ. ಸರ್ಕಸ್ಸಿನ ಮೆರವಣಿಗೆ ಪಕ್ಕದಲ್ಲಿ ಹಾದುಹೋಗುವಾಗ ನಡುಬೀದಿಯಲ್ಲಿ ಇಬ್ಬರೂ ಮುತ್ತಿಡುವುದು ಈ ಜೋಡಿಯ ಸಂಕೋಚಕ್ಕೆ ಹೊಂದುವುದಿಲ್ಲ. ಆಸ್ಟೆನ್ ಕೈಬಿಟ್ಟ ಅಧ್ಯಾಯದಿಂದ ಅಡ್ಮಿರಲ್‌ರ ಸಂದೇಶದ ಪ್ರಸಂಗವನ್ನು ನಿಕ್ ಡಿಯರ್ ಎತ್ತಿಕೊಂಡಿದ್ದಾರೆ, ಆದರೆ ವೈಟ್ ಹಾರ್ಟ್ ಹೋಟೆಲಿನ ಸಂಭಾಷಣೆಯನ್ನು ಅದರ ಜಾಗದಿಂದ ಕದಲಿಸಿಲ್ಲ. ಹೀಗಾಗಿ ಆ ಪ್ರಸಂಗ ಕಥೆಯ ಬಿಗಿಯನ್ನು ಹೆಚ್ಚಿಸುತ್ತದೆ, ನಿರ್ಣಯ ಆ್ಯನ್‌ಳ ಮಾತಿನ ಮೇಲೆಯೇ ನಿಲ್ಲುತ್ತದೆ.

ಕೊನೆಯ ದೃಶ್ಯ ಕಾದಂಬರಿಯಲ್ಲಿಲ್ಲದ್ದು. ಸಂಜೆಯ ಸಮುದ್ರ, ಹಡಗಿನ ಅಟ್ಟ, ಅಲ್ಲಿ ಗಂಡನ ಪಕ್ಕದಲ್ಲಿ ಆ್ಯನ್. ಇದನ್ನು ಸೇರಿಸಲು ಚಿತ್ರತಂಡಕ್ಕೆ ಹಕ್ಕು ಬಂದದ್ದು ಮಿಸೆಸ್ ಕ್ರಾಫ್ಟ್ ಅವರಿಂದ ಎಂದು ನನ್ನ ಭಾವನೆ. ಕಾದಂಬರಿಯ ಎಂಟನೆಯ ಅಧ್ಯಾಯದಲ್ಲಿ, ಹೆಂಗಸರು ಹಡಗಿನಲ್ಲಿರಬಾರದು ಎನ್ನುವ, ತನ್ನ ತಮ್ಮನಾದ ವೆಂಟ್‌ವರ್ತ್‌ನನ್ನು ತರಾಟೆಗೆ ತೆಗೆದುಕೊಂಡು, ಮದುವೆಯಾದ 15 ವರ್ಷಗಳಲ್ಲಿ ತಾನು ಅಟ್ಲಾಂಟಿಕ್ ಸಾಗರವನ್ನು ನಾಲ್ಕು ಸಲ ದಾಟಿದ್ದೇನೆ, ಒಮ್ಮೆ ಈಸ್ಟ್ ಇಂಡೀಸ್‌ಗೆ ಹೋಗಿ ಬಂದಿದ್ದೇನೆ, ಗಂಡನಿಂದ ದೂರವಿದ್ದ ಒಂದೇ ಒಂದು ಚಳಿಗಾಲದಲ್ಲಿ ಮಾತ್ರ ತನ್ನ ಆರೋಗ್ಯ ಕೆಟ್ಟಿತ್ತು ಎಂದು ಅವರು ಹೇಳುತ್ತಾರೆ. ಚಿತ್ರದಲ್ಲಿ ಈ ಪಾತ್ರವನ್ನು ಫಿಯೋನಾ ಶಾ ಮಾಡಿದ್ದಾರೆ, ಬಿಸಿಲುಗಾಳಿಗೆ ಪಕ್ವವಾದ ಮುಖ, ಯಾರಿಗೂ ಅಂಜದ ದನಿ. ಅದೇ ಕೋಣೆಯಲ್ಲಿ ಆ್ಯನ್ ಕೂಡ ಇದ್ದಾಳೆ. ಅವಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಆ ಮಾತುಗಳನ್ನು ಅವಳು ಎಷ್ಟು ಗಮನವಿಟ್ಟು ಕೇಳಿಸಿಕೊಂಡಿದ್ದಳೆಂದು ನಮಗೆ ತಿಳಿಯುವುದು ಹಡಗಿನ ಅಟ್ಟದ ಮೇಲೆ ಅವಳನ್ನು ನೋಡಿದಾಗ.